ಸಿಗರೇಟ್ ಬಿಡೋಕೆ ಯಾವ ಡಾಕ್ಟರ್ ಹತ್ರ ಹೋಗೋದು? ಹುಡುಗಿಯರಿಗೊಂದು ಹೋಲಿಕೆ

ಸಿಗರೇಟ್ ಬಿಡುವ ಬಗ್ಗೆ ನಮ್ಮಲ್ಲಿ ಸಿಗುವ ಸಲಹೆಗಳು ಹೆಚ್ಚುಕಮ್ಮಿ ಗಂಡಸರನ್ನು ಮನಸ್ಸಲ್ಲಿಟ್ಟುಕೊಂಡು ಬರೆದವು. ಅದಕ್ಕೆ ಕಾರಣವೂ ಇದೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಬೀಡಿ, ಸಿಗರೇಟ್ ಸೇದುವ ಗಂಡಸರು ನೂರಕ್ಕೆ 19. ಹೆಂಗಸರು ನೂರಕ್ಕೆ 2. ಎರಡೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಹಾಗೆ ಕಡಿಮೆ ಇರುವುದರಿಂದಲೇ ಅವರಿಗೊಂದು ಬೇರೆ ತೊಂದರೆ. ಹುಡುಗಿ ಎದುರಿಗೆ ಕೂತಿದ್ದರೆ ಎಷ್ಟೋ ಡಾಕ್ಟರುಗಳಿಗೆ "ಸಿಗರೇಟ್ ಸೇದ್ತೀಯಾ?" ಅಂತ ಕೇಳಬೇಕು ಅಂತಲೇ ಹೊಳೆಯುವುದಿಲ್ಲ. ಕೇಳಿದರೂ ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಇರುತ್ತಾರೆ. ಬಾಯಿಂದ ಬರುವ ಉತ್ತರ "ಇಲ್ಲ".

ಹಾಗಾಗಿ ಯಾವ ಚಿಕಿತ್ಸೆ ಒಳ್ಳೆಯದು ಅನ್ನುವ ಮೊದಲು ಯಾವ ಕೋಣೆಯಲ್ಲಿ ನಿಜ ಹೇಳೋಕೆ ಆಗುತ್ತೆ ಅಂತ ನೋಡಬೇಕು. ಕೆಳಗಿನ ಹೋಲಿಕೆಯಲ್ಲಿ ನಾನು ಜಾಸ್ತಿ ತೂಕ ಕೊಟ್ಟಿರುವುದು ಅದಕ್ಕೇ. ಎಷ್ಟೇ ದೊಡ್ಡ ಆಸ್ಪತ್ರೆಯಾದರೂ ಅಲ್ಲಿ ನೀವು ಸುಳ್ಳು ಹೇಳಿ ಬಂದರೆ ಉಪಯೋಗ ಇಲ್ಲ.

ಹೊರಡುವ ಮುಂಚೆ

ಮೂರು ವಿಷಯ ನಿಮಗೆ ನೀವೇ ಕೇಳಿಕೊಳ್ಳಿ. ಮೊದಲನೆಯದು, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಬೇಕಾಗುತ್ತೆ? ದಿನಕ್ಕೆ ಎಷ್ಟು ಸೇದುತ್ತೀರಿ ಅನ್ನುವುದಕ್ಕಿಂತ ಇದೇ ಒಳ್ಳೆಯ ಅಳತೆ. ಎದ್ದ ಅರ್ಧ ಗಂಟೆಯೊಳಗೆ ಬೇಕು ಅಂದರೆ ಮೈ ನಿಕೋಟಿನ್‌ಗೆ ಚೆನ್ನಾಗಿಯೇ ಒಗ್ಗಿದೆ ಅಂತ ಅರ್ಥ. ಅಂಥವರಿಗೆ ಬರೀ ಮಾತು ಸಾಲದು, ಔಷಧಿಯೂ ಬೇಕಾಗಬಹುದು. ಸಂಜೆ ಟೆಕ್ ಪಾರ್ಕಿನ ಹೊರಗಿನ ಕಾಂಡಿಮೆಂಟ್ಸ್ ಅಂಗಡಿ ಮುಂದೆ ಟೀ ಜೊತೆ ಮಾತ್ರ ಸೇದುವವರ ಕಥೆ ಬೇರೆ. ಅವರದು ಮುಖ್ಯವಾಗಿ ಜಾಗದ, ಜೊತೆಗಾರರ ಅಭ್ಯಾಸ.

ಎರಡನೆಯದು, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಹಾರ್ಮೋನ್ ಮಾತ್ರೆ, ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮೂರನೆಯದು, ಯಾರಿಗೆ ಗೊತ್ತಾದರೆ ನಿಮಗೆ ನಿಜವಾಗಿಯೂ ಕಷ್ಟ? ಮನೆಯಲ್ಲಿ ಗೊತ್ತಾದರೆ ಒಂದು ದಿನ ಕೂಗಾಡುತ್ತಾರೋ, ಓದು ಬಿಡಿಸಿ ವಾಪಸ್ ಕರೆಸಿಕೊಳ್ಳುತ್ತಾರೋ? ಇದು ನಿಮಗೆ ಮಾತ್ರ ಗೊತ್ತಿರುವ ವಿಷಯ. "ಹೇಳ್ಬಿಡಿ, ಏನೂ ಆಗಲ್ಲ" ಅಂತ ದೂರದಲ್ಲಿ ಕೂತು ಹೇಳುವವರನ್ನು ನಂಬಬೇಡಿ.

ಫ್ಯಾಮಿಲಿ ಡಾಕ್ಟರ್

ನಮ್ಮ ಏರಿಯಾದ ಚಿಕ್ಕ ಕ್ಲಿನಿಕ್‌ಗಳು ಹೇಗಿರುತ್ತವೆ ಅಂತ ಗೊತ್ತಲ್ಲ. ಒಳಗಡೆಯೇ ಸ್ಟೂಲ್ ಮೇಲೆ ಮುಂದಿನ ಪೇಶೆಂಟ್ ಕೂತಿರುತ್ತಾರೆ. ಬಾಗಿಲಿಗೆ ಒಂದು ಪರದೆ. ಇಪ್ಪತ್ತರ ಹುಡುಗಿಗೆ ಮೂರು ವಾರದಿಂದ ಕೆಮ್ಮು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು "ಏನಮ್ಮಾ, ತಣ್ಣೀರಲ್ಲಿ ತಲೆಸ್ನಾನ ಮಾಡ್ತೀಯಾ?" ಅನ್ನುತ್ತಾರೆ. ಅವಳು ಬಾಯಿ ಬಿಡುವ ಮುಂಚೆ ಅಮ್ಮ, "ಐಸ್‌ಕ್ರೀಮ್ ತಿಂತಾಳೆ ಡಾಕ್ಟ್ರೇ, ಹೇಳಿದ ಮಾತು ಕೇಳಲ್ಲ" ಅನ್ನುತ್ತಾರೆ. ಒಂದು ಸಿರಪ್, ಐದು ದಿನದ ಮಾತ್ರೆ, ಮುಗಿಯಿತು. ಅದೇ ಕೆಮ್ಮು ಅವಳ ತಮ್ಮನಿಗೆ ಬಂದಿದ್ದರೆ "ಸಿಗರೇಟ್ ಸೇದ್ತೀಯೇನೋ?" ಅನ್ನುವುದೇ ಮೊದಲ ಪ್ರಶ್ನೆ.

ಇಷ್ಟಾದರೂ ಈ ದಾರಿಯನ್ನು ತಳ್ಳಿಹಾಕುವಂತಿಲ್ಲ. ಸಾಮಾನ್ಯ ಡಾಕ್ಟರು ಎರಡೇ ನಿಮಿಷ ಹೇಳಿದರೂ ಸ್ವಲ್ಪ ಕೆಲಸ ಆಗುತ್ತೆ ಅನ್ನುವುದಕ್ಕೆ ಹಳೆಯ ಪುರಾವೆ ಇದೆ. 1979ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ಡಾಕ್ಟರು ಒಂದೆರಡು ನಿಮಿಷ ಬುದ್ಧಿ ಹೇಳಿ, ಒಂದು ಕರಪತ್ರ ಕೊಟ್ಟು, ಮತ್ತೆ ವಿಚಾರಿಸುತ್ತೇವೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ ಸುಮಾರು 5 ಜನ ಸಿಗರೇಟ್ ಬಿಟ್ಟರು, ವರ್ಷವಾದರೂ ಮತ್ತೆ ಮುಟ್ಟಿರಲಿಲ್ಲ. ಏನೂ ಹೇಳದೆ ಕಳಿಸಿದವರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಐದು ಅಂದರೆ ಕಡಿಮೆಯೇ. ಆದರೆ ಎರಡು ನಿಮಿಷಕ್ಕೆ ಅಷ್ಟು.

ನಿಮ್ಮ ಡಾಕ್ಟರ್ ಗುಟ್ಟು ಕಾಪಾಡುವವರು ಅನ್ನಿಸಿದರೆ ಒಬ್ಬರೇ ಹೋಗಿ. ಒಬ್ಬರೇ ಹೋಗೋಕೆ ಆಗದಿದ್ದರೆ "ಡಾಕ್ಟ್ರೇ, ಎರಡು ನಿಮಿಷ ನಿಮ್ಮ ಹತ್ರ ಒಬ್ಬಳೇ ಮಾತಾಡ್ಬೇಕು" ಅಂದರೆ ಸಾಕು. ಹೆಂಗಸರ ಸಮಸ್ಯೆ ಅಂದುಕೊಂಡು ಎಲ್ಲರೂ ಎದ್ದು ಹೋಗುತ್ತಾರೆ. ಪೇಶೆಂಟ್ ಹೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವುದು ಡಾಕ್ಟರುಗಳ 2002ರ ನಡತೆಯ ನಿಯಮದಲ್ಲೇ ಇದೆ. ಆದರೆ ಅದೇ ಡಾಕ್ಟರು ನಿಮ್ಮಪ್ಪನ ಜೊತೆ ಬೆಳಿಗ್ಗೆ ವಾಕಿಂಗ್ ಹೋಗುವವರಾದರೆ ನಿಯಮದ ಮೇಲೆ ಅಷ್ಟೊಂದು ಭಾರ ಹಾಕಬೇಡಿ. ಬೇರೆ ಏರಿಯಾದ ಕ್ಲಿನಿಕ್ ನೋಡಿ.

ಲೇಡಿ ಡಾಕ್ಟರ್

ನಿಜಕ್ಕೂ ಈ ಮಾತು ಏಳಬೇಕಾದ ಜಾಗ ಇದು. ಎಷ್ಟೋ ಹುಡುಗಿಯರು ಪಿಸಿಒಡಿಗೆ, ಮುಟ್ಟು ಸರಿಯಾಗಿ ಆಗಲ್ಲ ಅಂತ, ಮೊಡವೆಗೆ ಅಂತ ತಿಂಗಳುಗಟ್ಟಲೆ ಹಾರ್ಮೋನ್ ಮಾತ್ರೆ ನುಂಗುತ್ತಾರೆ. ಅವುಗಳಲ್ಲಿ ಬಹಳಷ್ಟು ಗರ್ಭನಿರೋಧಕ ಮಾತ್ರೆಗಳೇ. ಈಸ್ಟ್ರೋಜನ್ ಇರುವ ಮಾತ್ರೆಯೂ ಸಿಗರೇಟೂ ಸೇರಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ, ಹೃದಯಾಘಾತದ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ವಯಸ್ಸು 35 ತುಂಬಿದ್ದು, ಜೊತೆಗೆ ದಿನಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟ್ ಸೇದುವವರು ಈ ಮಾತ್ರೆ ತೆಗೆದುಕೊಳ್ಳಲೇಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 35ರ ಒಳಗಿನವರಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೆ ತಲೆನೋವು ಬರುವ ಮುಂಚೆ ಕಣ್ಣ ಮುಂದೆ ಮಿಂಚಿನ ಗೆರೆ ಕಾಣುವಂಥ ಮೈಗ್ರೇನ್ ಇದ್ದರೆ ಯಾವ ವಯಸ್ಸಿನವರಿಗೂ ಬೇಡ, ಸೇದಲಿ ಬಿಡಲಿ. ಅಂದರೆ ಇಲ್ಲಿ ಸುಳ್ಳು ಹೇಳಿದರೆ ಮಾತ್ರೆಯ ಆಯ್ಕೆಯೇ ತಪ್ಪಾಗಬಹುದು.

ಇನ್ನೊಂದು ವಿಷಯ ಇವರಿಗೆ ಹೇಳಲೇಬೇಕು. ಹೆಂಗಸರ ಮೈ ನಿಕೋಟಿನ್ ಅನ್ನು ಗಂಡಸರಿಗಿಂತ ಬೇಗ ಕರಗಿಸುತ್ತದೆ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಬೇಗ, ಬಸುರಿಯರಲ್ಲಿ ಅದಕ್ಕಿಂತ ಬೇಗ. ಸಿಗರೇಟ್ ಚಪಲ ತಡೆಯೋಕೆ ಚರ್ಮದ ಮೂಲಕ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಡುವ ಪಟ್ಟಿಯೇ ಪ್ಯಾಚ್. "ಪ್ಯಾಚ್ ಹಾಕ್ಕೊಂಡ್ರೂ ಮಧ್ಯಾಹ್ನದ ಹೊತ್ತಿಗೆ ತಡ್ಕೊಳ್ಳೋಕಾಗಲ್ಲ" ಅನ್ನುವವರಿಗೆ ಮನೋಬಲ ಕಡಿಮೆ ಅಂತ ಬೈಯುವ ಮುಂಚೆ ಡೋಸ್ ಸಾಲುತ್ತಿದೆಯಾ ಅಂತ ನೋಡಬೇಕು.

ತೊಂದರೆ ಏನಪ್ಪಾ ಅಂದರೆ, ಲೇಡಿ ಡಾಕ್ಟರುಗಳ ಹತ್ತಿರ ಟೈಮ್ ಇರುವುದಿಲ್ಲ. ಜೊತೆಗೆ "ಮದುವೆ ಆಗಿದ್ಯಾ?" ಅನ್ನುವ ಪ್ರಶ್ನೆಯಲ್ಲೇ ಅರ್ಧ ಹುಡುಗಿಯರು ಮುದುಡಿಹೋಗುತ್ತಾರೆ. ಹಾಗಾಗಿ ಇವರಿಂದ ಪೂರ್ತಿ ಚಿಕಿತ್ಸೆ ನಿರೀಕ್ಷಿಸಬೇಡಿ. ನಿಜ ಹೇಳಿ, ಮಾತ್ರೆ ಸರಿ ಇದೆಯಾ ಅಂತ ಕೇಳಿ, ಮುಂದೆ ಯಾರ ಹತ್ತಿರ ಹೋಗಬೇಕು ಅಂತ ಬರೆಸಿಕೊಳ್ಳಿ. ಮಗು ಬೇಕು ಅಂತಿರುವವರು, ಬಸುರಿಯರು ಮಾತ್ರ ಬೇರೆ ಯಾರಿಗಿಂತ ಮುಂಚೆ ಇವರ ಹತ್ತಿರವೇ ಹೋಗಬೇಕು.

ಹಲ್ಲಿನ ಡಾಕ್ಟರ್

ಯಾರೂ ಯೋಚಿಸದ, ನನಗೆ ತುಂಬಾ ಇಷ್ಟವಾದ ಆಯ್ಕೆ ಇದು. ಹಲ್ಲಿನ ಡಾಕ್ಟರಿಗೆ ನೀವು ಹೇಳಬೇಕಾಗಿಯೇ ಇಲ್ಲ. ಹಲ್ಲಿನ ಹಿಂಬದಿಯ ಕಂದು ಕಲೆ, ಒಸಡಿನ ಬಣ್ಣ ನೋಡಿದರೆ ಅವರಿಗೆ ಅರ್ಧ ಕಥೆ ಗೊತ್ತಾಗಿರುತ್ತದೆ. ಬಾಯಿ ತೆಗೆದು ಮಲಗಿರುವಾಗ ಪಕ್ಕದಲ್ಲಿ ಅತ್ತೆ ನಿಂತಿರುವುದೂ ಇಲ್ಲ. ಮನೆಯಲ್ಲಿ ಕೇಳಿದರೆ "ಹಲ್ಲು ಕ್ಲೀನ್ ಮಾಡ್ಸೋಕೆ ಹೋಗಿದ್ದೆ" ಅಂದರೆ ಆಯಿತು. ಎರಡನೇ ಸಲ ಹೋದರೂ ಯಾರೂ ಅನುಮಾನ ಪಡುವುದಿಲ್ಲ.

ಡೆಂಟಲ್ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರ ನಡೆಸಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಇದೆ. ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ, ಫೀಸೂ ಕಡಿಮೆ. ಅಲ್ಲಿ ನಿಮ್ಮನ್ನು ನೋಡುವವರು ಹೆಚ್ಚಾಗಿ ನಿಮ್ಮ ವಯಸ್ಸಿನವರೇ. ಎಷ್ಟೋ ಜನರಿಗೆ ಇದರಿಂದ ಮಾತು ಸಲೀಸಾಗುತ್ತದೆ. ಕೆಲವರಿಗೆ ಮುಜುಗರವೂ ಆಗಬಹುದು. ಕೊರತೆ ಅಂದರೆ ಇಲ್ಲಿ ಕೌನ್ಸೆಲಿಂಗ್ ಮತ್ತು ನಿಕೋಟಿನ್ ಗಮ್ ಸಿಗಬಹುದು. ಅದಕ್ಕಿಂತ ಮುಂದಿನ ಮಾತ್ರೆಗಳಿಗೆ ಸಾಮಾನ್ಯವಾಗಿ ಬೇರೆ ಕಡೆ ಕಳಿಸುತ್ತಾರೆ.

ತಂಬಾಕು ಬಿಡಿಸುವ ಕ್ಲಿನಿಕ್

ಚಿಕಿತ್ಸೆಯ ಬಲ ಮಾತ್ರ ನೋಡುವುದಾದರೆ ಇದಕ್ಕೇ ಮೊದಲ ಸ್ಥಾನ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ ಮೊದಲು ಶುರುವಾದ 13 ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಎರಡೂ ಇದ್ದವು. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರಗಳಿವೆ. ಕೌನ್ಸೆಲಿಂಗ್, ಔಷಧಿ, ಮತ್ತೆ ಮತ್ತೆ ವಿಚಾರಿಸುವುದು, ಮೂರೂ ಒಂದೇ ಕಡೆ. ಖಿನ್ನತೆ, ಗಾಬರಿ, ಕುಡಿತದಂಥ ಬೇರೆ ತೊಂದರೆಗಳು ಜೊತೆಗಿದ್ದರೆ ನೇರವಾಗಿ ಇಲ್ಲಿಗೇ ಹೋಗುವುದು ವಾಸಿ.

ಅಡ್ಡಿಗಳೂ ಸಣ್ಣವಲ್ಲ. ಒಂದು, ಅರ್ಧ ದಿನ ರಜೆ ಬೇಕು. ಚೀಟಿ ಮಾಡಿಸಬೇಕು, ಕ್ಯೂ ನಿಲ್ಲಬೇಕು. ಎರಡು, ಹೆಸರು. ನಿಮ್ಹಾನ್ಸ್ ಚೀಟಿ ಬ್ಯಾಗಲ್ಲಿ ಸಿಕ್ಕರೆ ಮನೆಯವರು ಒಂದು ಅಂದುಕೊಳ್ಳುತ್ತಾರೆ. ಕಿದ್ವಾಯಿ ಚೀಟಿ ಸಿಕ್ಕರೆ ಇನ್ನೊಂದು ಅಂದುಕೊಂಡು ಅಳೋಕೆ ಶುರು ಮಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಾದರೆ ಬೆಂಚಿನ ಮೇಲೆ ಊರಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಜೊತೆಗೆ ಕ್ಯೂನಲ್ಲಿ ಇರುವವರು ಹೆಚ್ಚಿನವರು ಗಂಡಸರು. ಒಬ್ಬಳು ಗೆಳತಿ ಜೊತೆಗಿದ್ದರೆ ಬಹಳ ಸುಲಭವಾಗುತ್ತದೆ. ಜೊತೆಗೆ ಹೋಗುವ ಗೆಳತಿಗೊಂದು ಮಾತು: ಹೊರಗೆ ಕೂತಿರಿ, ಡಾಕ್ಟರ್ ಮುಂದೆ ಅವಳ ಪರವಾಗಿ ನೀವು ಉತ್ತರ ಕೊಡಬೇಡಿ.

ಫೋನ್

ಹೊರಗೆ ಹೋಗೋಕೇ ಆಗಲ್ಲ ಅನ್ನುವವರಿಗೆ ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ, 1800-11-2356. ಸಿಗರೇಟ್ ಪ್ಯಾಕಿನ ಮೇಲೆ 2018ರ ಸೆಪ್ಟೆಂಬರಿನಿಂದ ಅಚ್ಚಾಗುತ್ತಿರುವ ನಂಬರೇ ಇದು. ಕರೆಗೆ ದುಡ್ಡಿಲ್ಲ. 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಆಮೇಲೆ ದಕ್ಷಿಣದ ಭಾಷೆಗಳಿಗೆ ನಿಮ್ಹಾನ್ಸ್‌ನಲ್ಲಿ ಕೇಂದ್ರ ಬಂತು, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಕೌನ್ಸೆಲರ್ ನಿಮ್ಮ ಜೊತೆ ಮಾತಾಡಿ ಬಿಡುವ ದಿನ ಗೊತ್ತು ಮಾಡುತ್ತಾರೆ. ಒಪ್ಪಿದರೆ ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ಮುಖ ತೋರಿಸಬೇಕಿಲ್ಲ. ಪಿಜಿಯಲ್ಲಿ ಮೂವರ ಜೊತೆ ರೂಮ್ ಹಂಚಿಕೊಂಡಿರುವವರು ಟೆರೇಸಿಗೆ ಹೋಗಿ ಮಾತಾಡಬೇಕಾಗಬಹುದು, ಅಷ್ಟೇ. ಅವರು ವಾಪಸ್ ಫೋನ್ ಮಾಡುವ ಹೊತ್ತು ಯಾವುದಿರಲಿ ಅಂತ ಮೊದಲೇ ಹೇಳಿಬಿಡಿ. ಊಟಕ್ಕೆ ಕೂತಾಗ ಬಂದರೆ ಕಷ್ಟ.

ಔಷಧಿ ಬೇಕಾದವರಿಗೆ ಫೋನ್ ಒಂದೇ ಸಾಲುವುದಿಲ್ಲ. ಬಿಟ್ಟ ಮೇಲೆ ಮನಸ್ಸು ತೀರಾ ಕುಗ್ಗಿದರೆ, ರಾತ್ರಿ ನಿದ್ದೆ ಬಾರದೆ ಬೇಡದ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅದು ಹಗಲೂ ರಾತ್ರಿಯೂ ಇರುತ್ತದೆ.

ಕಂಪನಿಯ ವಾರ್ಷಿಕ ಚೆಕಪ್ಪನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಫಾರ್ಮ್ ತುಂಬಿಸುತ್ತಾರೆ, ರಕ್ತ ತೆಗೆಯುತ್ತಾರೆ, ತಿಂಡಿ ಕೂಪನ್ ಕೊಡುತ್ತಾರೆ. ಮಾತಾಡೋಕೆ ಯಾರೂ ಇರುವುದಿಲ್ಲ. ವೇಪ್ ಹಿಡಿದು ಸಿಗರೇಟ್ ಬಿಡುತ್ತೇನೆ ಅನ್ನುವ ದಾರಿಯೂ ಇಲ್ಲಿಲ್ಲ. 2019ರಿಂದ ಇ-ಸಿಗರೇಟ್ ಮಾರುವುದು, ತರಿಸುವುದು ದೇಶದಲ್ಲೇ ನಿಷೇಧ. ಕದ್ದು ಸಿಗುವುದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಗಮ್ಮೋ, ಪ್ಯಾಚೋ, ಮಾತ್ರೆಯೋ

ಡಾಕ್ಟರ್ ಆಯ್ಕೆ ಆದ ಮೇಲೆ ಬರುವ ಪ್ರಶ್ನೆ ಇದು. 2 ಮಿಲಿಗ್ರಾಂ ನಿಕೋಟಿನ್ ಗಮ್ ಚೀಟಿ ಇಲ್ಲದೆಯೇ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 4 ಮಿಲಿಗ್ರಾಂ ಬೇಕು ಅಂದರೆ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಬರೆಯುತ್ತಾರೆ. ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಬಬಲ್ ಗಮ್ ಥರ ಸುಮ್ನೆ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತೆ, ಚಪಲ ಮಾತ್ರ ಇಳಿಯಲ್ಲ. ಅದು ಒಳಗೆ ಸೇರಬೇಕಾದದ್ದು ಕೆನ್ನೆಯ ಒಳಚರ್ಮದ ಮೂಲಕ. ನಿಧಾನಕ್ಕೆ ಅಗಿಯಿರಿ. ಮೆಣಸಿನ ಹಾಗೆ ಚುರುಚುರು ಅನ್ನುತ್ತಿದ್ದಂತೆ ನಿಲ್ಲಿಸಿ. ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಕೊಳ್ಳಿ. ಚುರುಚುರು ಹೋದ ಮೇಲೆ ಮತ್ತೆ ಒಂದೆರಡು ಸಲ ಅಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಹೀಗೆ ಅರ್ಧ ಗಂಟೆ ಬರಬೇಕು. ಅಗಿಯುವ ಕಾಲು ಗಂಟೆ ಮುಂಚೆಯಿಂದ ಮುಗಿಯುವವರೆಗೆ ಕಾಫಿ, ಜ್ಯೂಸ್ ಬೇಡ. ಹುಳಿಯ ಅಂಶ ಬಾಯಲ್ಲಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಕಾಫಿ ವಿಷಯ ಬಂತಲ್ಲ, ಇದನ್ನೂ ಕೇಳಿ. ಸಿಗರೇಟಿನ ಹೊಗೆ ಮೈಯೊಳಗಿನ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಇದೆಲ್ಲ ಸಿಗರೇಟ್ ಬಿಟ್ಟಿದ್ದರಿಂದ ಅಂದುಕೊಂಡು ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ಬಿಡುವ ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಿ ನೋಡಿ.

ಪ್ಯಾಚ್‌ನ ಲಾಭ ಅಂದರೆ ಬೆಳಿಗ್ಗೆ ಒಮ್ಮೆ ಅಂಟಿಸಿದರೆ ಬಟ್ಟೆಯೊಳಗೆ ಯಾರಿಗೂ ಕಾಣಲ್ಲ. ಪ್ಯಾಚ್ ಜೊತೆ ಗಮ್ ಸೇರಿಸಿದರೆ ಒಂದೇ ಬಳಸುವುದಕ್ಕಿಂತ ಒಳ್ಳೆಯ ಫಲ.

ಮಾತ್ರೆಗಳಲ್ಲಿ ಎರಡು ಮುಖ್ಯ. ಬುಪ್ರೊಪಿಯಾನ್ ಮತ್ತು ವರೆನಿಕ್ಲಿನ್. ಎರಡಕ್ಕೂ ಡಾಕ್ಟರ್ ಚೀಟಿ ಬೇಕು, ಎರಡನ್ನೂ ಬಿಡುವ ದಿನಕ್ಕಿಂತ ಒಂದೆರಡು ವಾರ ಮುಂಚೆಯೇ ಶುರು ಮಾಡುತ್ತಾರೆ. ಬುಪ್ರೊಪಿಯಾನ್ ಖಿನ್ನತೆಗೂ ಕೊಡುವ ಔಷಧಿ. ಫಿಟ್ಸ್ ಇರುವವರಿಗೆ ಬೇಡ. ಊಟ ಬಿಟ್ಟು ಸೊರಗುವ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವ ಕಾಯಿಲೆ ಇದ್ದವರಿಗೂ ಬೇಡ, ಯಾಕೆಂದರೆ ಅವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ದಪ್ಪ ಆಗಬಾರದು ಅಂತಲೇ ಸಿಗರೇಟ್ ಹಿಡಿದ ಹುಡುಗಿಯರು ಈ ವಿಷಯವನ್ನು ಮುಚ್ಚಿಡಬಾರದು. ವರೆನಿಕ್ಲಿನ್ ಅನ್ನು ಸಾಮಾನ್ಯವಾಗಿ 12 ವಾರ ಕೊಡುತ್ತಾರೆ. ಹೊಟ್ಟೆ ತೊಳೆಸಬಹುದು, ವಿಚಿತ್ರ ಕನಸು ಬೀಳಬಹುದು. ಊಟದ ನಂತರ ತುಂಬಾ ನೀರಿನ ಜೊತೆ ತೆಗೆದುಕೊಂಡರೆ ತೊಳೆಸುವುದು ಕಡಿಮೆ. ಇದರಿಂದ ಮನಸ್ಸು ಕೆಡುತ್ತದೆ ಅನ್ನುವ ಭಯ ಮೊದಲು ಇತ್ತು. 2016ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಅಂಥ ತೊಂದರೆ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಸಿಗರೇಟ್ ಬಿಡಿಸುವುದರಲ್ಲಿ ಅದು ಪ್ಯಾಚ್‌ಗಿಂತಲೂ ಬುಪ್ರೊಪಿಯಾನ್‌ಗಿಂತಲೂ ಮುಂದಿತ್ತು. ಬಸುರಿಯರಿಗೆ ಮಾತ್ರ ಈ ಮಾತ್ರೆಗಳು ಸಲ್ಲ, ಕೌನ್ಸೆಲಿಂಗೇ ಮೊದಲು.

ತೂಕದ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಔಷಧಿ ಇಲ್ಲದೆ ಬಿಟ್ಟವರು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತಾರೆ. ಕೆಲವರು ಏರುವುದೇ ಇಲ್ಲ, ಕೆಲವರು ಜಾಸ್ತಿ ಏರುತ್ತಾರೆ. ಇದು ನಿಮಗೆ ದೊಡ್ಡ ವಿಷಯ ಅನ್ನಿಸಿದರೆ ಮೊದಲ ಭೇಟಿಯಲ್ಲೇ ಬಾಯಿ ಬಿಟ್ಟು ಹೇಳಿ. ಗಮ್ ಮತ್ತು ಬುಪ್ರೊಪಿಯಾನ್ ತೂಕ ಏರುವುದನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತವೆ. ಔಷಧಿ ಆರಿಸುವಾಗ ಡಾಕ್ಟರಿಗೆ ಇದು ಗೊತ್ತಿರಬೇಕು.

ಹಾಗಾದರೆ ಯಾರಿಗೆ ಯಾವುದು?

ಹಾಸ್ಟೆಲಿನಲ್ಲಿದ್ದು ದಿನಕ್ಕೆ ಎರಡು ಮೂರು ಸೇದುವ, ಬೆಳಿಗ್ಗೆ ನೆನಪೂ ಬಾರದ ಹುಡುಗಿಗೆ ನನ್ನ ಓಟು ಫೋನಿಗೆ, ಜೊತೆಗೆ ಹತ್ತಿರದ ಡೆಂಟಲ್ ಕಾಲೇಜಿಗೆ. ಹತ್ತೊಂಬತ್ತು ಇಪ್ಪತ್ತರವರಿಗೆ ಇನ್ನೊಂದು ಹೆದರಿಕೆ ಇದೆ. ಕರ್ನಾಟಕದಲ್ಲಿ ಈಗ 21 ಆಗದವರಿಗೆ ಸಿಗರೇಟ್ ಮಾರುವಂತಿಲ್ಲ, ಡಾಕ್ಟರಿಗೆ ಹೇಳಿದರೆ ಕೇಸ್ ಆಗುತ್ತಾ ಅಂತ. ಇಲ್ಲ. ಮಾರುವುದು ತಪ್ಪು. ಬಿಡೋಕೆ ಸಹಾಯ ಕೇಳುವುದು ಯಾವ ಕಾನೂನಿನಲ್ಲೂ ತಪ್ಪಲ್ಲ. ಹದಿನೆಂಟು ಆಗದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಇದೆ, ಅಲ್ಲಿಂದ ಶುರು ಮಾಡಿ.

ಎದ್ದ ಕೂಡಲೇ ಬಾಲ್ಕನಿಗೆ ಹೋಗುವ, ದಿನಕ್ಕೆ ಹತ್ತು ಹನ್ನೆರಡು ದಾಟುವ ಕೆಲಸದ ಹುಡುಗಿಗೆ ಫೋನು ಸಾಲದು. ಒಂದು ದಿನ ರಜೆ ಹಾಕಿ ತಂಬಾಕು ಬಿಡಿಸುವ ಕ್ಲಿನಿಕ್‌ಗೆ ಹೋಗಿ. ಇಷ್ಟವಿಲ್ಲದಿದ್ದರೆ ನಿಮ್ಮ ಪರಿಚಯ ಇಲ್ಲದ ಒಬ್ಬ ಫಿಸಿಷಿಯನ್ ಹತ್ತಿರ ಮಾತ್ರೆ ಬರೆಸಿಕೊಂಡು, ಮಾತಿಗೆ ಫೋನ್ ಇಟ್ಟುಕೊಳ್ಳಿ. ಈ ಜೋಡಿ ಎಷ್ಟೋ ಹುಡುಗಿಯರಿಗೆ ಹೊಂದುತ್ತದೆ. ಗುಟ್ಟೂ ಉಳಿಯುತ್ತೆ, ಔಷಧಿಯೂ ಸಿಗುತ್ತೆ.

ಹಾರ್ಮೋನ್ ಮಾತ್ರೆಯಲ್ಲಿರುವವರು ಮುಂದಿನ ಸ್ಟ್ರಿಪ್ ತೆಗೆದುಕೊಳ್ಳುವ ಮುಂಚೆ ಲೇಡಿ ಡಾಕ್ಟರಿಗೆ ನಿಜ ಹೇಳಿ. ಆಮೇಲೆ ಉಳಿದದ್ದು.

ಯಾರ ಹತ್ತಿರ ಹೋದರೂ ಒಂದು ಚೀಟಿ ಬರೆದುಕೊಂಡು ಹೋಗಿ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ದಿನಕ್ಕೆ ಎಷ್ಟು, ಈಗ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಹಿಂದೆ ಬಿಟ್ಟಾಗ ಎಷ್ಟನೇ ದಿನ ಯಾಕೆ ಮತ್ತೆ ಶುರುವಾಯಿತು. ಬಾಯಲ್ಲಿ ಹೇಳೋಕೆ ನಾಚಿಕೆಯಾದರೆ ಆ ಚೀಟಿಯನ್ನೇ ಟೇಬಲ್ ಮೇಲೆ ಇಟ್ಟುಬಿಡಿ. ಹೊರಡುವ ಮುಂಚೆ ಬಿಡುವ ದಿನವನ್ನು ಡಾಕ್ಟರ್ ಮುಂದೆಯೇ ಗೊತ್ತು ಮಾಡಿಕೊಳ್ಳಿ. ಎರಡನೇ ಭೇಟಿ ಆ ದಿನದಿಂದ ಒಂದು ವಾರದೊಳಗೆ ಇರಲಿ. ಮತ್ತೆ ಹಚ್ಚುವವರು ಹೆಚ್ಚಾಗಿ ಹಚ್ಚುವುದು ಆ ಮೊದಲ ವಾರದಲ್ಲೇ. "ಒಂದು ತಿಂಗಳು ಬಿಟ್ಟು ಬನ್ನಿ" ಅಂದರೆ, ಅಷ್ಟು ದೂರ ಬೇಡ, ಫೋನಲ್ಲಾದರೂ ಮುಂಚೆ ಮಾತಾಡಬಹುದಾ ಅಂತ ಕೇಳಿ. ನಡುವೆ ಒಂದೆರಡು ಸೇದಿದ್ದರೂ ಆ ಭೇಟಿಗೆ ಹೋಗಿ. ಡೋಸ್ ಬದಲಿಸಬೇಕಾ, ಔಷಧಿ ಬದಲಿಸಬೇಕಾ ಅಂತ ಡಾಕ್ಟರಿಗೆ ಗೊತ್ತಾಗುವುದೇ ಆಗ.